ಮಕ್ಕಳು ಮನೆಸಾಮಾನಿನ ಜೊತೆ ಬರುವ ಗಂಟುಮೂಟೆಯೇ?

ಶಾಲಾ ರಜೆ ಮುಗಿಯುವ ಹೊತ್ತಿಗೆ ನಮ್ಮ ಊರುಗಳಿಂದ ಬೆಂಗಳೂರಿಗೆ ಹೊರಡುವ ಕುಟುಂಬಗಳಿಗೆ ಲೆಕ್ಕವಿಲ್ಲ. ಭಟ್ಕಳ, ಉಪ್ಪಿನಂಗಡಿಯಿಂದ ಹಿಡಿದು ವಿಜಯಪುರ, ಕಲಬುರಗಿಯವರೆಗೆ ಇದೇ ಕತೆ. ಉದ್ಯೋಗವನ್ನರಸಿ ಮೊದಲೇ ಹೋಗಿದ್ದ ತಂದೆ ಒಂದೆರಡು ವರ್ಷಗಳ ಬಳಿಕ ಪತ್ನಿ ಮಕ್ಕಳನ್ನು ಕರೆಸಿಕೊಳ್ಳುತ್ತಾನೆ. ಇದರಲ್ಲಿ ಆಕ್ಷೇಪಾರ್ಹವಾದುದೇನೂ ಇಲ್ಲ. ಆದರೆ ಇಂಥವರನ್ನು ಮಾತಾಡಿಸಿ ನೋಡಿ: ಸಂಬಳವೆಷ್ಟು, ಬಾಡಿಗೆಯೆಷ್ಟು, ಮುಂಗಡವೆಷ್ಟು ಎಂಬ ವಿವರ ಸಿಗುತ್ತದೆಯೇ ಹೊರತು ಮೂರು ವರ್ಷದ, ಏಳು ವರ್ಷದ ಮಕ್ಕಳ ಬಗ್ಗೆ ಏನು ಯೋಚಿಸಿದ್ದಾರೆಂಬುದು ಸಿಗುವುದಿಲ್ಲ. ಕೇಳಿದರೆ ಸಿದ್ಧ ಉತ್ತರವೊಂದಿದೆ. ‘ಮಕ್ಕಳು ಚಿಕ್ಕವರಲ್ಲವೇ, ಹೇಗೋ ಹೊಂದಿಕೊಳ್ಳುತ್ತಾರೆ.’

ಈ ‘ಹೇಗೋ’ ಎಂಬ ಮಾತಿನೊಳಗೆ ಏನೆಲ್ಲ ಅಡಗಿದೆಯೆಂದು ನೋಡಬೇಕು. ಮನೆಯಲ್ಲಿ ಬ್ಯಾರಿ ಭಾಷೆ, ಶಾಲೆಯಲ್ಲಿ ಕನ್ನಡ, ಮದ್ರಸದಲ್ಲಿ ಅರಬಿ-ಮಲಯಾಳ ಲಿಪಿಯ ಪಠ್ಯ ಎಂಬ ಏರ್ಪಾಡಿನಲ್ಲಿ ಬೆಳೆದ ಎರಡನೇ ತರಗತಿಯ ಬಾಲಕನೊಬ್ಬನನ್ನು ಊಹಿಸಿಕೊಳ್ಳಿ. ಬೆಂಗಳೂರಿಗೆ ಬಂದೊಡನೆ ಶಾಲೆ ಇಂಗ್ಲಿಷ್ ಆಗುತ್ತದೆ, ಮೊಹಲ್ಲಾದ ಮದ್ರಸ ಉರ್ದು ಆಗುತ್ತದೆ, ಬೀದಿಯ ಮಕ್ಕಳು ದಖ್ನಿಯಲ್ಲಿ ಮಾತಾಡುತ್ತಾರೆ. ನಿನ್ನೆಯವರೆಗೆ ಸರಾಗವಾಗಿ ಓದುತ್ತಿದ್ದ ಮಗು ಒಂದೇ ವಾರದಲ್ಲಿ ಎಲ್ಲ ಕಡೆಯೂ ‘ಏನೂ ಬಾರದವ’ನಾಗಿಬಿಡುತ್ತದೆ. ಕಲಬುರಗಿಯ ಉರ್ದು ಮಾಧ್ಯಮದ ಶಾಲೆಯಿಂದ ಬಂದ ಹೆಣ್ಣುಮಗಳಿಗೆ ಮದ್ರಸ ಸುಲಭವಾದೀತು, ಶಾಲೆ ಕಬ್ಬಿಣದ ಕಡಲೆಯೇ. ಇದು ಹೊಸ ಅನುಭವವೂ ಅಲ್ಲ. 2017ರ ಜುಲೈಯಲ್ಲಿ ಸೌದಿ ಅರೇಬಿಯವು ವಿದೇಶಿ ನೌಕರರ ಪ್ರತಿಯೊಬ್ಬ ಅವಲಂಬಿತರ ಮೇಲೂ ತಿಂಗಳಿಗೆ 100 ರಿಯಾಲ್ ಶುಲ್ಕ ವಿಧಿಸಿ, 2020ರ ವೇಳೆಗೆ ಅದನ್ನು 400ಕ್ಕೆ ಏರಿಸಿದಾಗ ಕರಾವಳಿಗೆ ಮರಳಿದ ಮಕ್ಕಳಲ್ಲಿ ಕನ್ನಡದ ಅಕ್ಷರವನ್ನೇ ಕಾಣದವರಿದ್ದರು. ಆಗಲೂ ನಾವು ಶುಲ್ಕದ ಬಗ್ಗೆಯೇ ಚರ್ಚಿಸಿದೆವು.

ಇನ್ನು ಮನೆ. ಹೆಸರು ಕೇಳಿದ ಕೂಡಲೇ ‘ಮನೆ ಆಗಲೇ ಕೊಟ್ಟಾಯಿತು’ ಎನ್ನುವ ಮಾಲಿಕರ ಬಗ್ಗೆ ಓದುಗರಿಗೆ ಹೊಸದಾಗಿ ಹೇಳಬೇಕಾದುದೇನೂ ಇಲ್ಲ. 2006ರ ಸಾಚಾರ್ ಸಮಿತಿಯ ವರದಿಯೇ ಇದನ್ನು ದಾಖಲಿಸಿತ್ತು. ಇಂಥ ತಾರತಮ್ಯದ ದೂರುಗಳನ್ನು ವಿಚಾರಿಸಲು ಸಮಾನ ಅವಕಾಶ ಆಯೋಗವೊಂದನ್ನು ಸ್ಥಾಪಿಸಬೇಕೆಂದು ಶಿಫಾರಸು ಮಾಡಿತ್ತು. ಆಯೋಗ ಬರಲಿಲ್ಲ. ಸಂವಿಧಾನದ 15ನೇ ವಿಧಿಯ ಮೊದಲ ಖಂಡ ಪ್ರಭುತ್ವವನ್ನು ಕಟ್ಟಿಹಾಕುತ್ತದೆ, ಖಾಸಗಿ ಮಾಲಿಕನನ್ನಲ್ಲ. ಸರಕಾರಗಳ ಈ ಮೌನವನ್ನು ಖಂಡಿಸಲೇಬೇಕು.

ಆದರೆ ಆ ಖಂಡನೆಯ ಮರೆಯಲ್ಲಿ ನಾವು ಅವಿತುಕೊಳ್ಳುತ್ತಿಲ್ಲವೇ? ಶಿವಾಜಿನಗರ, ಟ್ಯಾನರಿ ರಸ್ತೆ, ಗುರಪ್ಪನಪಾಳ್ಯ, ಇಲ್ಯಾಸ್ ನಗರಗಳಲ್ಲಿ ಮನೆಗಳನ್ನು ಕಟ್ಟಿ ಬಾಡಿಗೆಗೆ ಕೊಡುವವರಲ್ಲಿ ನಮ್ಮವರೇ ಬಹಳ ಮಂದಿ. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವ ಬೆಂಗಳೂರಿನ ಹಳೆಯ ಪದ್ಧತಿಗೆ ಅವರೇನೂ ಹೊರತಲ್ಲ. ‘ಎಷ್ಟು ಮಕ್ಕಳು? ನಾಲ್ಕೇ? ನೀರು ಸಾಕಾಗುವುದಿಲ್ಲ’ ಎಂಬ ಮಾತು ನಮ್ಮದೇ ಸಮುದಾಯದ ಮಾಲಿಕರ ಬಾಯಿಂದಲೂ ಬರುತ್ತದೆ. ಇದೇ ಮಹನೀಯರು ಮುಹರ್ರಮ್ ತಿಂಗಳ ಜುಮಾದಲ್ಲಿ ಮುಂದಿನ ಸಾಲಿನಲ್ಲಿ ಕುಳಿತು ಹಿಜ್ರಾದ ಖುತ್ಬಾ ಕೇಳುತ್ತಾರೆ. ಮದೀನಾ ತಲುಪಿದ ಪ್ರವಾದಿ(ಸ)ಯವರು ಮುಹಾಜಿರ್‌ಗಳನ್ನೂ ಅನ್ಸಾರ್‌ಗಳನ್ನೂ ಸಹೋದರತ್ವದಲ್ಲಿ ಬೆಸೆದುದು, ಸಅದ್ ಬಿನ್ ರಬೀಅ್(ರ) ತನ್ನ ಸಂಪತ್ತಿನ ಅರ್ಧವನ್ನೇ ಕೊಡಮುಂದಾದುದು, ಅಬ್ದುರ್ರಹ್ಮಾನ್ ಬಿನ್ ಔಫ್(ರ) ಅದನ್ನು ವಿನಯದಿಂದ ನಿರಾಕರಿಸಿ ಮಾರುಕಟ್ಟೆಯ ದಾರಿ ಕೇಳಿದುದು ಎಲ್ಲರಿಗೂ ಕಂಠಪಾಠ. ಅರ್ಧ ಸಂಪತ್ತನ್ನು ಯಾರೂ ಕೇಳುತ್ತಿಲ್ಲ. ಮುಂಗಡವನ್ನು ಎರಡು ತಿಂಗಳ ಬಾಡಿಗೆಗೆ ಇಳಿಸಿದರೆ ಸಾಕು. 2021ರಲ್ಲಿ ಕೇಂದ್ರ ಸರಕಾರ ರಾಜ್ಯಗಳಿಗೆ ಕಳುಹಿಸಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಸೂಚಿಸಿದ ಮಿತಿಯೂ ಅದೇ.

ಶಾಲೆಯ ವಿಷಯದಲ್ಲಿ ನಮ್ಮ ಅಜ್ಞಾನ ಇನ್ನೂ ದುಬಾರಿಯಾದುದು. ವರ್ಗಾವಣೆ ಪತ್ರ ಊರಿನಿಂದ ಬಂದಿಲ್ಲವೆಂಬ ಕಾರಣಕ್ಕೆ ಮಕ್ಕಳನ್ನು ತಿಂಗಳುಗಟ್ಟಲೆ ಮನೆಯಲ್ಲಿ ಕೂರಿಸುವ ಹೆತ್ತವರಿದ್ದಾರೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಓದಿದರೆ ಈ ಭಯ ಉಳಿಯದು. 6ರಿಂದ 14 ವರ್ಷದ ಮಗು ಯಾವುದೇ ಕಾರಣಕ್ಕೆ ಊರು ಬದಲಿಸಬೇಕಾಗಿ ಬಂದರೂ ಸರಕಾರಿ ಅಥವಾ ಅನುದಾನಿತ ಶಾಲೆಗೆ ವರ್ಗಾವಣೆ ಪಡೆಯುವುದು ಅದರ ಹಕ್ಕು. ಹಿಂದಿನ ಶಾಲೆಯ ಮುಖ್ಯೋಪಾಧ್ಯಾಯರು ವರ್ಗಾವಣೆ ಪತ್ರವನ್ನು ಕೂಡಲೇ ಕೊಡಬೇಕು. ತಡಮಾಡಿದರೆ ಶಿಸ್ತುಕ್ರಮಕ್ಕೆ ಗುರಿಯಾಗುತ್ತಾರೆ. ಪತ್ರ ತಡವಾಯಿತೆಂದು ಹೊಸ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ. ವರ್ಷದ ನಡುವೆ ಬಂದರೆಂಬ ನೆಪವನ್ನು 15ನೇ ಸೆಕ್ಷನ್, ವಯಸ್ಸಿನ ದಾಖಲೆಯಿಲ್ಲವೆಂಬ ನೆಪವನ್ನು 14ನೇ ಸೆಕ್ಷನ್ ಮುಚ್ಚಿಹಾಕಿವೆ.

ಈಗ ಅಪ್ರಿಯವಾದ ಮಾತು. ಮಗುವನ್ನು ಪರೀಕ್ಷಿಸಿ, ಹೆತ್ತವರನ್ನು ಸಂದರ್ಶಿಸಿ ಸೇರಿಸಿಕೊಳ್ಳುವುದನ್ನು ಇದೇ ಕಾಯ್ದೆಯ 13ನೇ ಸೆಕ್ಷನ್ ನಿಷೇಧಿಸಿದೆ. ಆದರೆ 2014ರ ಮೇ 6ರಂದು ಸುಪ್ರೀಮ್ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠವು ಪ್ರಮತಿ ಪ್ರಕರಣದಲ್ಲಿ ಅಲ್ಪಸಂಖ್ಯಾತ ಶಾಲೆಗಳಿಗೆ ಈ ಕಾಯ್ದೆ ಅನ್ವಯಿಸದೆಂದು ಹೇಳಿತು. 2025ರ ಸೆಪ್ಟೆಂಬರ್‌ನಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠ ಆ ತೀರ್ಪನ್ನು ಸಂದೇಹಿಸಿ, ವಿಸ್ತೃತ ಪೀಠ ಪರಿಶೀಲಿಸಲೆಂದು ಮುಖ್ಯ ನ್ಯಾಯಮೂರ್ತಿಗಳ ಮುಂದಿರಿಸಿದೆ. ಅದೇನೇ ಆಗಲಿ, ಸಮುದಾಯದ ಸಂಸ್ಕೃತಿ, ಅಸ್ಮಿತೆಗಳ ರಕ್ಷಣೆಗೆಂದು ದೊರೆತ ಈ ವಿನಾಯಿತಿಯನ್ನು ನಮ್ಮ ಕೆಲವು ಆಡಳಿತ ಮಂಡಳಿಗಳು ಬಳಸುತ್ತಿರುವುದು ಯಾರ ವಿರುದ್ಧ? ಊರಿನಿಂದ ಬಂದ, ಇಂಗ್ಲಿಷ್ ಬಾರದ ತಾಯಿಯನ್ನು ಇಂಗ್ಲಿಷಿನಲ್ಲಿ ಸಂದರ್ಶಿಸಿ ಹಿಂದೆ ಕಳುಹಿಸುವುದು ಯಾವ ಅಸ್ಮಿತೆಯ ರಕ್ಷಣೆ? ಅಲ್ಪಸಂಖ್ಯಾತ ಎಂಬ ಪ್ರಮಾಣಪತ್ರವನ್ನು ಗೋಡೆಗೆ ತೂಗುಹಾಕಿ, ಅಲ್ಪಸಂಖ್ಯಾತರ ಮಗುವನ್ನು ಗೇಟಿನ ಹೊರಗಿಡುವ ಈ ವ್ಯವಹಾರವನ್ನು ಸಮುದಾಯದ ನೇತಾರರು ಇನ್ನೆಷ್ಟು ಕಾಲ ಸಹಿಸುತ್ತಾರೆ?

ತಾಯಿಯ ಮಾತು ಬಂದುದರಿಂದ ಹೇಳುತ್ತೇನೆ. ವಲಸೆಯ ಪೂರ್ಣ ಭಾರ ಬೀಳುವುದು ಆಕೆಯ ಮೇಲೆ. ಊರಿನಲ್ಲಿ ಅತ್ತೆ, ನಾದಿನಿ, ನೆರೆಮನೆಯಾಕೆ ಎತ್ತಿಕೊಳ್ಳುತ್ತಿದ್ದ ಕೂಸು ಇಲ್ಲಿ ದಿನವಿಡೀ ಆಕೆಯ ಕಂಕುಳಲ್ಲಿ. ಒಂದೂವರೆ ವರ್ಷದ ಮಗುವಿಗೆ ದಡಾರ-ರುಬೆಲ್ಲಾದ ಎರಡನೇ ಲಸಿಕೆ ಎಲ್ಲಿ ಹಾಕಿಸಬೇಕು, ಅಂಗನವಾಡಿ ಯಾವ ಓಣಿಯಲ್ಲಿದೆ ಎಂದು ಹೇಳುವವರಿಲ್ಲ. ಊರಿನ ಪಡಿತರ ಚೀಟಿಯಲ್ಲೇ ಬೆಂಗಳೂರಿನ ನ್ಯಾಯಬೆಲೆ ಅಂಗಡಿಯಿಂದ ಅಕ್ಕಿ ಪಡೆಯಬಹುದೆಂಬುದೂ ತಿಳಿದಿಲ್ಲ. ತಾಯಿ ಕಾರ್ಡ್ ಊರಿನ ಕಪಾಟಿನಲ್ಲೇ ಉಳಿದಿರುತ್ತದೆ. ಗಂಡ ರಾತ್ರಿ ಒಂಬತ್ತಕ್ಕೆ ಬರುತ್ತಾನೆ.

ಪ್ರತಿ ಮೊಹಲ್ಲಾದಲ್ಲೂ ಮಸೀದಿಯಿದೆ, ಸಮಿತಿಯಿದೆ, ಶುಕ್ರವಾರ ನಾಲ್ಕು ಹೊಸ ಮುಖಗಳನ್ನು ಕಂಡರೂ ಕಾಣದಂತಿರುವ ಪದಾಧಿಕಾರಿಗಳಿದ್ದಾರೆ. ಹೊಸದಾಗಿ ಬಂದ ಕುಟುಂಬಗಳ ಹೆಸರು, ಮಕ್ಕಳ ವಯಸ್ಸು ಬರೆದಿಡುವ ಒಂದು ಪುಸ್ತಕ. ಖಾಲಿ ಮನೆಗಳ ಪಟ್ಟಿ. ಶಾಲೆ ನಿರಾಕರಿಸಿದರೆ ಆ ತಾಯಿಯ ಜೊತೆ ಕ್ಷೇತ್ರ ಶಿಕ್ಷಣಾಧಿಕಾರಿಯ ಕಚೇರಿಗೆ ಹೋಗಿಬರಲು ಇಬ್ಬರು ವಿದ್ಯಾವಂತ ಮಹಿಳೆಯರು. ಇದಕ್ಕೆ ಲಕ್ಷಗಳ ನಿಧಿ ಬೇಡ, ಫತ್ವಾ ಬೇಡ. ಮಿನಾರದ ಕಾಮಗಾರಿಗೆ ವಂತಿಗೆ ಕೊಟ್ಟವರ ಹೆಸರು ತೂಗುವ ಅದೇ ಹಲಗೆಯಲ್ಲಿ ಶಾಲೆ, ಅಂಗನವಾಡಿ, ಆರೋಗ್ಯ ಕೇಂದ್ರಗಳ ವಿಳಾಸ ಬರೆದ ಒಂದು ಹಾಳೆಗೆ ಜಾಗವಿದೆ.