ಲ್ಯಾಟಿನ್ ಧಾತುವೂ ಕನ್ನಡದ ಹುಡುಗನೂ

ಇಂಗ್ಲಿಷ್ ಶಬ್ದಸಂಪತ್ತು ಬೆಳೆಯಬೇಕಾದರೆ ಲ್ಯಾಟಿನ್ ಧಾತುಗಳನ್ನು ಕಲಿಯಿರಿ ಎಂಬ ಉಪದೇಶ ಪರೀಕ್ಷೆಯ ಕೈಪಿಡಿಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ. ಉಪದೇಶ ಕೆಟ್ಟದ್ದಲ್ಲ. ನನ್ನ ಜಗಳವಿರುವುದು ಅದನ್ನು ನಡೆಸುವ ರೀತಿಯೊಡನೆ. ‘ಡೆಂಟ್ ಎಂದರೆ ಟೂತ್, ಪೆಡ್ ಎಂದರೆ ಫುಟ್’ ಎಂದು ಉರುಹಚ್ಚಿಸುತ್ತಾರೆ. ಎಷ್ಟೋ ಕಡೆ ತರಗತಿಯಲ್ಲಿ ಕನ್ನಡದ ಒಂದು ಮಾತು ಬಿದ್ದರೆ ಮೈಲಿಗೆ. ದಂತ, ಪಾದಗಳನ್ನು ನಾಲಗೆಯ ಮೇಲಿಟ್ಟುಕೊಂಡೇ ಬಂದ ಹುಡುಗ ಅವುಗಳ ದಾಯಾದಿಗಳನ್ನು ಅಪರಿಚಿತರೆಂದು ಕಂಠಪಾಠ ಮಾಡಬೇಕು!

ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳು ಒಂದೇ ಮೂಲದಿಂದ ಹೊರಟಿರಬೇಕೆಂದು ವಿಲಿಯಂ ಜೋನ್ಸ್ ಕಲ್ಕತ್ತೆಯಲ್ಲಿ ಹೇಳಿದ್ದು 1786ರಲ್ಲಿ. ಆ ಸುದ್ದಿ ನಮ್ಮ ಕರಿಹಲಗೆಗೆ ಇನ್ನೂ ತಲುಪಿದಂತಿಲ್ಲ. ನವಕ್ಕೆ ನೋವಸ್, ಅದರಿಂದ ನಾವೆಲ್. ಅಗ್ನಿಗೆ ಇಗ್ನಿಸ್, ಅದರಿಂದ ಸ್ಕೂಟರಿನ ಇಗ್ನಿಷನ್. ದಾನಕ್ಕೆ ಡೋನಮ್, ಅದರಿಂದ ಡೊನೇಷನ್. ಈ ಕೊನೆಯದರ ಅರ್ಥವನ್ನು ಮಾತ್ರ ನಮ್ಮ ತಂದೆತಾಯಿಗಳಿಗೆ ಯಾರೂ ಕಲಿಸಬೇಕಾಗಿಲ್ಲ.

‘ಇವು ಸಂಸ್ಕೃತದ ಮಾತುಗಳು, ಕನ್ನಡವೆಲ್ಲಿ ಬಂತು?’ ಎನ್ನುವವರುಂಟು. ಕನ್ನಡ ದ್ರಾವಿಡ ಭಾಷೆ, ಒಪ್ಪಿದೆ. ನನ್ನ ವಾದಕ್ಕೆ ಬಲ ಬರುವುದೇ ಅಲ್ಲಿ. ನಾವು ಮನೆಯಲ್ಲಿ ಹಲ್ಲು ಎನ್ನುತ್ತೇವೆ, ವೈದ್ಯರ ಬೋರ್ಡಿನ ಮೇಲೆ ದಂತ ಎಂದು ಬರೆಸುತ್ತೇವೆ. ಇಂಗ್ಲಿಷರಿಗೂ ಮನೆಯಲ್ಲಿ ಟೂತ್, ಬೋರ್ಡಿನ ಮೇಲೆ ಡೆಂಟಲ್. ನಮಗೆ ಕಾಲು ಮತ್ತು ಪಾದಚಾರಿ. ಅವರಿಗೆ ಫುಟ್ ಮತ್ತು ಪೆಡೆಸ್ಟ್ರಿಯನ್. 1066ರಲ್ಲಿ ನಾರ್ಮನ್ನರು ಗೆದ್ದ ಮೇಲೆ ಫ್ರೆಂಚೂ, ಪಂಡಿತರ ಕೈಯಿಂದ ಲ್ಯಾಟಿನ್ನೂ ಧಾರಾಳವಾಗಿ ಸೇರಿ ಅವರ ನುಡಿ ಉಪ್ಪರಿಗೆಯ ಮನೆಯಾಯಿತು. ಕನ್ನಡಿಗ ಹುಟ್ಟಿದ್ದೂ ಅಂಥ ಮನೆಯಲ್ಲೇ; ಏಣಿ ಹತ್ತಿ ಇಳಿದು ಅವನಿಗೆ ಅಭ್ಯಾಸವಾಗಿದೆ.

ಧಾತುವನ್ನು ಎಷ್ಟರಮಟ್ಟಿಗೆ ನಂಬಬೇಕೆಂಬುದೂ ಅವನಿಗೆ ಸುಲಭವಾಗಿ ತಿಳಿದೀತು. ‘ಹೃ’ ಎಂಬೊಂದೇ ಧಾತುವಿನಿಂದ ಆಹಾರ, ವಿಹಾರ, ಪ್ರಹಾರ, ಸಂಹಾರ: ಉಣ್ಣುವುದೂ ಕೊಲ್ಲುವುದೂ ಒಂದೇ ಮನೆತನ! ಲ್ಯಾಟಿನ್ನಿನ ‘ಪೋರ್ಟ್’ ಎಂದರೂ ಒಯ್ಯುವುದೇ. ಇಂಪೋರ್ಟ್, ಎಕ್ಸ್‌ಪೋರ್ಟ್‌ಗಳಲ್ಲಿ ನೆಟ್ಟಗೆ ನಡೆದ ಅದು ರಿಪೋರ್ಟ್, ಸಪೋರ್ಟ್‌ಗಳಲ್ಲಿ ಸೊಟ್ಟದಾರಿ ಹಿಡಿಯುತ್ತದೆ. ಬರಿಯ ಪಟ್ಟಿಯಲ್ಲಿ ಈ ಎಚ್ಚರಿಕೆ ಎಲ್ಲಿಂದ ಬರಬೇಕು? ಪೆಡ್ ಎಂದರೆ ಪಾದ ಎಂದಷ್ಟೇ ಉರುಹೊಡೆದವನು ಕಾಲುನೋವಿಗೆ ಪೀಡಿಯಾಟ್ರಿಷಿಯನ್ನರ ಬಾಗಿಲು ತಟ್ಟಿಯಾನು. ಅಲ್ಲಿರುವುದು ಗ್ರೀಕಿನ ಮಗು, ಲ್ಯಾಟಿನ್ನಿನ ಕಾಲಲ್ಲ.

ಕನ್ನಡ ಮಾಧ್ಯಮದಿಂದ ಬಂದ ಹುಡುಗಿ ಕಾಲೇಜಿನ ಕೊನೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಕೂರುತ್ತಾಳೆ. ಅರ್ಧ ಬರುವುದನ್ನು ಪೂರ್ತಿ ಬಾರದೆಂದು ಅವಳಿಗೆ ನಂಬಿಸಿರುವುದು ಈ ಮಡಿವಂತಿಕೆ. ಪಠ್ಯ ಸಿದ್ಧಪಡಿಸುವ ಮಹನೀಯರು ಲ್ಯಾಟಿನ್ ಧಾತುಗಳ ಪಟ್ಟಿಗೆ ಇನ್ನೊಂದು ಕಾಲಮ್ ಹಾಕಲಿ; ಅದನ್ನು ತುಂಬುವ ಕೆಲಸ ಅವಳಿಗಿರಲಿ.