ಮೈಸೂರಿನ ರುಚಿ ನಡಿಗೆ ಅಶೋಕಪುರಕ್ಕೆ ಯಾಕೆ ಬರಲ್ಲ?

ಪೋಸ್ಟ್ ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ.

"ಮೈಸೂರಲ್ಲಿ ಊಟಕ್ಕೆ ಕೂತಾಗ ಯಾರೂ ಯಾರ ಜಾತಿನೂ ಕೇಳಲಿಲ್ಲ. ಎಲ್ಲ ಜನಾಂಗದವರೂ ಕೂಡಿ ಉಂಡ ಊರು ಇದು." ಇದು ನನ್ನ ಮಾತಲ್ಲ. ಮೈಸೂರಲ್ಲಿ ಈಗ 'ಫುಡ್ ವಾಕ್', 'ಹೆರಿಟೇಜ್ ವಾಕ್' ಅಂತ ನಡೀತವಲ್ಲ, ಅಂಥ ಒಂದರಲ್ಲಿ ಗೈಡ್ ಹೇಳಿದ ಮಾತು. ಒಂದು ಭಾನುವಾರ ನಾನೂ ಹುಲ್ಲಹಳ್ಳಿಯಿಂದ ಬೆಳಗಿನ ಬಸ್ಸು ಹಿಡಿದು, ದುಡ್ಡು ಕಟ್ಟಿ ಹೋಗಿದ್ದೆ. ತಿಂದದ್ದೆಲ್ಲ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ಗೈಡ್ ಕೂಡ ಒಳ್ಳೆ ಹುಡುಗನೇ. ನನ್ನ ತಕರಾರು ಆ ಹುಡುಗನ ಮೇಲಲ್ಲ, ಆ ಒಂದು ಮಾತಿನ ಮೇಲೆ. ಯಾಕಂದ್ರೆ ಆ ಮಾತು ಬರೀ ಅವನ ಬಾಯಲ್ಲಿಲ್ಲ. ಪತ್ರಿಕೆಯ ಪುರವಣಿಯಲ್ಲಿದೆ, ಯೂಟ್ಯೂಬಲ್ಲಿದೆ, ನಮ್ಮ ಆಫೀಸಿನ ಊಟದ ಟೇಬಲ್ಲಲ್ಲೂ ಇದೆ.

ಆ ನಡಿಗೆಯಲ್ಲಿ ಏನೇನು ಬಂತು ಹೇಳ್ತೀನಿ. ದೇವರಾಜ ಮಾರ್ಕೆಟ್ಟಿನ ಹೂವು, ವೀಳ್ಯದೆಲೆ, ಬಾಳೆಹಣ್ಣು ಬಂತು. ಬೆಣ್ಣೆ ದೋಸೆ ಬಂತು. ಅರಮನೆ ಅಡುಗೆಯ ಕಾಕಾಸುರ ಮಾದಪ್ಪನವರು ಮೈಸೂರುಪಾಕು ಮಾಡಿದ ಕತೆ ಬಂತು. ಅಯ್ಯಂಗಾರ್ ಬೇಕರಿ, ಮುಸ್ಲಿಮರ ಬಿರಿಯಾನಿ, ಮಿಲಿಟರಿ ಹೋಟೆಲಿನ ಪಲಾವು, ಬೈಲಕುಪ್ಪೆ ಟಿಬೆಟಿಯನ್ನರ ಮೊಮೊ, ಎಲ್ಲಾ ಬಂದವು. ಟಿಬೆಟಿನಿಂದ ಬಂದವರು ಮೈಸೂರಿನ ಊಟದ ಕತೆಯೊಳಗೆ ಜಾಗ ಪಡೆದಿದ್ದಾರೆ, ಸಂತೋಷ. ಆದರೆ ಅರಮನೆಯಿಂದ ಆಟೋ ಹಿಡಿದರೆ ಹತ್ತು ನಿಮಿಷ ಇರೋ ಅಶೋಕಪುರಂ ಬರಲಿಲ್ಲ. ಆದಿಕರ್ನಾಟಕಪುರ ಅಂತಿದ್ದ ಹೆಸರನ್ನು ಬಿಟ್ಟು ಸಾಮ್ರಾಟ ಅಶೋಕನ ಹೆಸರು ಇಟ್ಟುಕೊಂಡ ಕೇರಿ ಅದು. ಮೈಸೂರು ಸೀಮೆಯ ದಲಿತ ರಾಜಕೀಯಕ್ಕೆ ತವರುಮನೆ. ಅಲ್ಲಿ ಯಾರೂ ಒಲೆ ಹಚ್ಚಲ್ವಾ? ಅವರ ಒಲೆಗೆ ಇತಿಹಾಸ ಇಲ್ವಾ?

"ಯಾರೂ ಜಾತಿ ಕೇಳಲಿಲ್ಲ" ಅನ್ನೋರಿಗೆ ನನ್ನದು ಒಂದೇ ಪ್ರಶ್ನೆ. ಸಂವಿಧಾನದ 15ನೇ ವಿಧಿಯ 2ನೇ ಉಪವಿಧಿ ಓದಿದ್ದೀರಾ? ಅಂಗಡಿ, ಸಾರ್ವಜನಿಕ ಉಪಹಾರಗೃಹ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟ, ಇವುಗಳಿಗೆ ಜಾತಿ ಕಾರಣಕ್ಕೆ ಯಾರನ್ನೂ ತಡೆಯೋ ಹಾಗಿಲ್ಲ ಅಂತ ಅಲ್ಲಿ ಬರೆದಿದೆ. ಒಂದು ದೇಶದ ಸಂವಿಧಾನದಲ್ಲಿ 'ಹೋಟೆಲು' ಅನ್ನೋ ಪದ ಯಾಕೆ ಬರಬೇಕು? ಯಾರೂ ಯಾರನ್ನೂ ತಡೆದಿರಲಿಲ್ಲ ಅಂದ್ರೆ ಅಷ್ಟು ದೊಡ್ಡ ಸಭೆ ಕೂತು ಅದನ್ನು ಬರೆಯೋ ಅಗತ್ಯ ಏನಿತ್ತು? ಅಷ್ಟಕ್ಕೂ ನಿಲ್ಲಲಿಲ್ಲ ಅಂತ 1955ರಲ್ಲಿ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಬಂತು. ಅದರಲ್ಲೂ ಹೋಟೆಲು ಇದೆ, ಹೋಟೆಲಿನ ಪಾತ್ರೆ ಕೂಡ ಇದೆ. ನಮ್ಮಪ್ಪ ನಮ್ಮ ಕಡೆಯ ಒಂದು ಟೀ ಅಂಗಡಿಯಲ್ಲಿ ಟೀ ಕುಡೀತಿದ್ದದ್ದು ತೆಂಗಿನಚಿಪ್ಪಲ್ಲಿ. ಕುಡಿದು, ತೊಳೆದು, ಮತ್ತೆ ಸೂರಿಗೆ ಸಿಗಿಸಿ ಬರಬೇಕಿತ್ತು. ಆ ಕಾಯ್ದೆ ಬಂದು ಎಷ್ಟೋ ವರ್ಷ ಆಗಿದ್ದ ಕಾಲ ಅದು. ಹಂಗಾಗಿ ಮೈಸೂರು ಸೀಮೆಯ ಹೋಟೆಲಿನ ಚರಿತ್ರೆ ಹೇಳೋರು ಲೋಟದ ಚರಿತ್ರೆನೂ ಹೇಳಬೇಕು. ಬರೀ ಫಿಲ್ಟರ್ ಕಾಫಿಯ ಪರಿಮಳ ಹೇಳಿದರೆ ಅರ್ಧ ಹೇಳಿದ ಹಾಗೆ.

ದೊಡ್ಡ ಗಡಿಯಾರದ ಹತ್ತಿರ ನಿಲ್ಲಿಸಿ, ಇದು ನಾಲ್ವಡಿಯವರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ 1927ರಲ್ಲಿ ಕಟ್ಟಿದ್ದು ಅಂದರು. ಸರಿ. ಅದೇ 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡ್‌ನಲ್ಲಿ ಚೌಡಾರ್ ಕೆರೆಯ ನೀರು ಕುಡಿದರು. ಕುಡಿಯೋ ನೀರಿಗೇ ಸತ್ಯಾಗ್ರಹ ಮಾಡಬೇಕಾಗಿದ್ದ ವರ್ಷ ಅದು. ನಾಲ್ವಡಿಯವರ ಬಗ್ಗೆ ನಮಗೆ ಗೌರವ ಇದೆ. ಆದರೆ ಅವರನ್ನು ನೆನೆಯೋದು ಮೈಸೂರುಪಾಕಿಗೆ ಮಾತ್ರವಾ? 1918ರಲ್ಲಿ ಅವರು ಮಿಲ್ಲರ್ ಸಮಿತಿ ನೇಮಿಸಿದರು. ಸರ್ಕಾರಿ ಕೆಲಸವನ್ನೆಲ್ಲ ಒಂದೇ ಜಾತಿಯವರು ತುಂಬಿಕೊಂಡಿದ್ದರಿಂದ ಉಳಿದವರಿಗೂ ಪಾಲು ಕೊಡೋ ದಾರಿ ಹುಡುಕೋಕೆ ಮಾಡಿದ ಸಮಿತಿ ಅದು. ಎಲ್ಲರೂ ಕೂಡಿ ಉಂಡ ಊರಾಗಿದ್ದರೆ ರಾಜನಿಗೆ ಅಂಥ ಸಮಿತಿ ಯಾಕೆ ಬೇಕಿತ್ತು? ನಾಲ್ವಡಿಯವರನ್ನು ದೊಡ್ಡವರು ಮಾಡಿದ್ದು ಆ ಸಮಿತಿ, ಸಿಹಿತಿಂಡಿ ಅಲ್ಲ.

ಮೈಸೂರಿನ ಚರಿತ್ರೆಯಲ್ಲಿ ಊಟದ್ದೇ ಒಂದು ಪದ ರಾಜ್ಯವನ್ನೇ ಅಲ್ಲಾಡಿಸಿದ್ದುಂಟು. ಬೂಸಾ! ದನಕ್ಕೆ ಹಾಕೋ ಬೂಸಾ. 1973ರ ನವೆಂಬರಿನಲ್ಲಿ ಇದೇ ಮೈಸೂರಲ್ಲಿ, ಅರಸು ಸಂಪುಟದ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದರು. ಅದಕ್ಕೆ ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಬಸವಲಿಂಗಪ್ಪನವರು ಮಂತ್ರಿಗಿರಿ ಬಿಡಬೇಕಾಯ್ತು. ಆ ಬೆಂಕಿಯಿಂದಲೇ ನಮ್ಮ ದಲಿತ ಸಂಘರ್ಷ ಸಮಿತಿಗೆ ಕಾವು ಬಂತು. ಊಟ ಮತ್ತು ಚರಿತ್ರೆ ಎರಡನ್ನೂ ಒಟ್ಟಿಗೆ ಹೇಳ್ತೀವಿ ಅನ್ನೋ ನಡಿಗೆಗೆ ಇದಕ್ಕಿಂತ ಒಳ್ಳೆ ಕತೆ ಸಿಗುತ್ತಾ? ಯಾರೂ ಬಾಯಿ ಬಿಡಲ್ಲ.

ಇನ್ನು ಬಾಡಿನ ವಿಷಯ. ಆ ನಡಿಗೆಯಲ್ಲಿ ಕುರಿ, ಕೋಳಿ ತನಕ ಬರ್ತಾರೆ. ಅಲ್ಲಿಗೆ ಗೇಟು ಬೀಳುತ್ತೆ. ಬಾಬಾಸಾಹೇಬರು 1948ರ 'ದಿ ಅನ್‌ಟಚಬಲ್ಸ್' ಪುಸ್ತಕದಲ್ಲಿ ಅಸ್ಪೃಶ್ಯತೆಯ ಬೇರು ಹುಡುಕ್ತಾ ಹೋಗಿ ದನದ ಮಾಂಸದ ಹತ್ತಿರವೇ ನಿಂತರು. ಅಂದ್ರೆ ಊಟದ ಚರಿತ್ರೆಯೇ ನಮ್ಮ ಜಾತಿಯ ಚರಿತ್ರೆ. 2017ರ ಜೂನ್‌ನಲ್ಲಿ ಮೈಸೂರಿನ ಕಲಾಮಂದಿರದ ಆವರಣದಲ್ಲಿ ಆಹಾರದ ಹಕ್ಕಿನ ಬಗ್ಗೆ ವಿಚಾರ ಸಂಕಿರಣ ನಡೆದಾಗ ಕೆಲವರು ದನದ ಬಾಡು ತಿಂದರು ಅಂತ, ಆಮೇಲೆ ಗೋಮೂತ್ರ ಚಿಮುಕಿಸಿ ಶುದ್ಧಿ ಮಾಡಿದ್ರು. 1964ರ ಕಾಯ್ದೆಯಲ್ಲಿ 12 ವರ್ಷ ದಾಟಿದ ಎತ್ತಿಗೆ ಸರ್ಟಿಫಿಕೇಟ್ ಮೇಲೆ ಅವಕಾಶ ಇತ್ತು. 2020ರ ಕಾಯ್ದೆ ಅದನ್ನೂ ತೆಗೆದು, 13 ವರ್ಷ ದಾಟಿದ ಎಮ್ಮೆ ಕೋಣ ಮಾತ್ರ ಉಳಿಸಿತು. ತಪ್ಪಿದರೆ 3ರಿಂದ 7 ವರ್ಷ ಜೈಲು. ಒಬ್ಬರ ಅಡುಗೆಗೆ ಜೈಲು, ಇನ್ನೊಬ್ಬರ ಅಡುಗೆಗೆ ಹೆರಿಟೇಜ್ ಬೋರ್ಡು. ಇದನ್ನು ಬಹುಸಂಸ್ಕೃತಿ ಅಂತ ಕರೀಬೇಕಂತೆ!

ಇವರು ತಿನ್ನಿಸೋ ಪದಾರ್ಥ ಎಲ್ಲಿಂದ ಬರುತ್ತೆ, ಅದನ್ನಾದರೂ ಹೇಳ್ತಾರಾ ಅಂದ್ರೆ ಅದೂ ಇಲ್ಲ. ನಮ್ಮ ತಾಲ್ಲೂಕಿನ ನಂಜನಗೂಡು ರಸಬಾಳೆಗೆ ಜಿಐ ಮಾನ್ಯತೆ ಇದೆ ಅಂತ ಹೆಮ್ಮೆಯಿಂದ ಹೇಳಿದರು. ದೇವರಸನಹಳ್ಳಿ ಮಣ್ಣಿನ ಗುಣ ಅಂದರು. ಮಣ್ಣಿನ ಗುಣ ಸರಿ ಕಣಪ್ಪ, ಆ ಮಣ್ಣಲ್ಲಿ ಕೂಲಿಗೆ ಬಗ್ಗಿದ ಬೆನ್ನು ಯಾರದ್ದು? ಹುಲ್ಲಹಳ್ಳಿ ನಾಲೆ ಬಯಲಲ್ಲಿ ಭತ್ತ ನಾಟಿ ಹಾಕಿದ ನಮ್ಮ ಅವ್ವಂದಿರಿಗೆ ಜಿಐ ಮಾನ್ಯತೆ ಯಾರು ಕೊಡ್ತಾರೆ? 2015ರಲ್ಲಿ, ಮತ್ತೆ 2016ರಲ್ಲಿ ಮೈಸೂರು ದೇಶದ ಅತಿ ಸ್ವಚ್ಛ ನಗರ ಅನ್ನಿಸಿಕೊಂಡಿತು. ನಡಿಗೆಯವರು ಎಲೆಯಲ್ಲಿ ತಿಂದು ಎದ್ದು ಹೋದ ಬೀದಿಯನ್ನು ಗುಡಿಸಿದ ಪೌರಕಾರ್ಮಿಕರು ಯಾವ ಕೇರಿಯವರು ಅಂತ ನಿಮಗೂ ಗೊತ್ತು, ನನಗೂ ಗೊತ್ತು.

ಈಗ ಬರುತ್ತೆ ನೋಡಿ ಕಾಮೆಂಟು: "ಊಟದಲ್ಲೂ ಜಾತಿ ತರ್ತೀರಲ್ಲ ಸಾರ್." ತಂದವರು ನಾವಲ್ಲ ಸ್ವಾಮಿ. ಮಡಿ ಅಡುಗೆ ಅಂತ ಬೋರ್ಡ್ ಹಾಕಿದವರು ನಾವಾ? ಬಾಡಿಗೆ ಮನೆ ಕೇಳೋಕೆ ಹೋದ್ರೆ "ನೀವು ವೆಜ್ಜಾ ನಾನ್‌ವೆಜ್ಜಾ" ಅನ್ನೋದು ಯಾವ ಪ್ರಶ್ನೆ? ಅದು ಜಾತಿ ಕೇಳೋ ನಾಜೂಕಿನ ವಿಧಾನ. 2024ರ ಡಿಸೆಂಬರಿನಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನದಲ್ಲಿ ಬಾಡೂಟ ಹಾಕಿ ಅಂತ ಅಲ್ಲಿನ ಗೆಳೆಯರು ಕೇಳಿದ್ದಕ್ಕೆ ಎಷ್ಟು ಜನ ಮೂಗು ಮುರಿದರು! ಕೊನೆಗೆ ಒಂದು ಮೊಟ್ಟೆ ಬಂತು. ರಾಗಿ ಹಿಟ್ಟು, ಬಾಡು ಉಣ್ಣೋ ಮಂಡ್ಯದಲ್ಲೇ ಒಂದು ಮೊಟ್ಟೆಗೆ ಅಷ್ಟು ಹೋರಾಟ ಬೇಕಾಯ್ತು.

ನಮ್ಮವರಿಗೂ ಒಂದು ಮಾತು. "ಹಂಗಾದ್ರೆ ನಮ್ಮ ಅಡುಗೆನೂ ಒಂದು ಸ್ಟಾಲ್ ಹಾಕಿಬಿಡೋಣ" ಅಂತ ಕೆಲವು ಹುಡುಗರು ಅಂತಾರೆ. ಹಾಕಿ, ಬೇಡ ಅನ್ನಲ್ಲ, ನಾಲ್ಕು ಕಾಸು ಬರಲಿ. ಆದರೆ ದಸರಾ ಆಹಾರಮೇಳ ನೋಡಿದ್ದೀರಲ್ಲ. ಆದಿವಾಸಿಗಳ ಬಂಬೂ ಬಿರಿಯಾನಿಗೆ ಮಾರುದ್ದ ಕ್ಯೂ. ತಿಂದು, ಸೆಲ್ಫಿ ಹೊಡೆದು ಹೋಗ್ತಾರೆ. ಆ ಜನರನ್ನು ನಾಗರಹೊಳೆ ಕಾಡಿನಿಂದ ಎಬ್ಬಿಸಿದ ಕತೆ ಆ ಬಿದಿರಿನೊಳಗೆ ಇರಲ್ಲ. ನಮ್ಮ ಉಪ್ಪುಕಂಡ, ಬೋಟಿ ಗೊಜ್ಜು, ರಕ್ತ ಹುರಿದದ್ದು ಕೂಡ ಹಾಗೇ 'ಹೊಸ ರುಚಿ' ಆಗಿಬಿಡಬಾರದು. ಒಳ್ಳೆ ಮಾಂಸ ಊರೊಳಕ್ಕೆ ಹೋಗಿ, ಉಳಿದದ್ದು ಕೇರಿಗೆ ಬಂದಾಗ, ಅದನ್ನೇ ಕೆಡದ ಹಾಗೆ ಒಣಗಿಸಿ, ಉಪ್ಪು ಹಾಕಿ, ಮಕ್ಕಳ ಹೊಟ್ಟೆ ತುಂಬಿಸಿದ ಹೆಂಗಸರ ಬುದ್ಧಿವಂತಿಕೆ ಅದು. ರುಚಿ ಜೊತೆಗೆ ಆ ಕಾರಣನೂ ತಟ್ಟೆಗೆ ಬರಬೇಕು.

ಸುಮ್ನೆ ಬೈದು ಕೂರೋನಲ್ಲ ನಾನು. ಒಂದು ದಾರಿ ಹೇಳ್ತೀನಿ. ಟೌನ್‌ಹಾಲ್ ಮುಂದಿನ ಬಾಬಾಸಾಹೇಬರ ಪ್ರತಿಮೆಯಿಂದ ನಡಿಗೆ ಶುರು ಮಾಡೋಣ. ಪಕ್ಕದ ದೊಡ್ಡ ಗಡಿಯಾರದ ಕೆಳಗೆ ಮಹಾಡ್ ಕೆರೆಯ ಕತೆ. ದೇವರಾಜ ಮಾರ್ಕೆಟ್ಟಲ್ಲಿ ಹಮಾಲಿಗಳ, ಕೂಲಿಯವರ ಕತೆ. ಒಂದು ಹಳೇ ಹೋಟೆಲಿನ ಮುಂದೆ 15ನೇ ವಿಧಿ ಓದೋಣ, ಆಮೇಲೆ ಒಳಗೆ ಹೋಗಿ ದೋಸೆನೂ ತಿನ್ನೋಣ. ಅಲ್ಲಿಂದ ಕಲಾಮಂದಿರ. ಕೊನೆಗೆ ಅಶೋಕಪುರಂ. ಅಲ್ಲಿನ ಹೆಂಗಸರು ಮಾಡಿದ ಊಟ, ಅವರೇ ಹೇಳಿದ ರೇಟು, ಅವರ ಬಾಯಿಂದಲೇ ಕತೆ. ಇನ್ನೂ ಕಾಲಲ್ಲಿ ಶಕ್ತಿ ಇದ್ದವರು ಅಶೋಕಪುರಂ ಸ್ಟೇಷನ್ನಲ್ಲೇ ಚಾಮರಾಜನಗರದ ರೈಲು ಹತ್ತಿ ನಂಜನಗೂಡಿಗೆ ಬನ್ನಿ, ರಸಬಾಳೆ ತಿನ್ನಿ. ಹಾಗೇ ಮುಂದೆ ಬದನವಾಳಿಗೂ ಬನ್ನಿ. ದೇವಸ್ಥಾನದೊಳಕ್ಕೆ ಕಾಲಿಟ್ಟಿದ್ದಕ್ಕೆ ಹುಟ್ಟಿದ ದ್ವೇಷದಲ್ಲಿ 1993ರಲ್ಲಿ ನಮ್ಮ ಮೂವರನ್ನು ಕೊಂದ ಊರು ಅದು. ಇದೂ ಮೈಸೂರು ಜಿಲ್ಲೆಯ ಪರಂಪರೆಯೇ. ಮುಚ್ಚಿಡೋಕೆ ಆಗಲ್ಲ.

ಅಲ್ಲಿವರೆಗೆ ನೀವು ಯಾವುದೇ ಫುಡ್ ವಾಕಿಗೆ ಹೋದರೂ ಮೂರು ಪ್ರಶ್ನೆ ಕೇಳಿ. ಈ ಹೋಟೆಲಿನೊಳಕ್ಕೆ ಯಾರನ್ನು ಬಿಡ್ತಿರಲಿಲ್ಲ? ಇದನ್ನು ಬೆಳೆದವರು, ಹೊತ್ತವರು, ಗುಡಿಸಿದವರು ಯಾರು? ಯಾರ ಅಡುಗೆ ಈ ಪಟ್ಟಿಯಲ್ಲಿಲ್ಲ, ಯಾಕಿಲ್ಲ? ಗಲಾಟೆ ಬೇಡ, ಮರ್ಯಾದೆಯಿಂದಲೇ ಕೇಳಿ. ಉತ್ತರ ಬರಲಿಲ್ಲ ಅಂದ್ರೆ ಉತ್ತರ ನೀವೇ ಹೇಳಿ, ಹತ್ತು ಜನ ಕೇಳಿಸ್ಕೊಳ್ಳಲಿ. ಅಶೋಕಪುರದ ಗೆಳೆಯರು, ಓದ್ತಿರೋ ನಮ್ಮ ಹುಡುಗ ಹುಡುಗೀರು ಈ ನಡಿಗೆಗೆ ಕೈಜೋಡಿಸ್ತೀರಿ ಅಂದ್ರೆ ಕೆಳಗೆ ಬರೀರಿ. ಏಪ್ರಿಲ್ 14ಕ್ಕೆ ಮೊದಲನೇ ನಡಿಗೆ ಮಾಡೋಣ.

ಜೈಭೀಮ್.