ತಣ್ಣೀರು ಮತ್ತು ಒಂಟಿ ಹಲಗೆಯ ಆಟ



ಅಮೆರಿಕದ ಮಿನೆಸೋಟ ರಾಜ್ಯದಲ್ಲಿ ನೌಕರಿಯಲ್ಲಿರುವ ಯುವಕನೊಬ್ಬನ ತಾಯಿ ನಮಗೆ ಪತ್ರ ಬರೆದಿರುವರು. ಮಗನು ದೋಣಿಯ ಹಿಂದೆ ಹಗ್ಗ ಹಿಡಿದು ನೀರಿನ ಮೇಲೆ ಜಾರುವ ವಾಟರ್ ಸ್ಕೀಯಿಂಗ್ ಕಲಿತಿರುವನು. ಸರೋವರದ ಮಂಜುಗಡ್ಡೆ ಕರಗಿದ ಕೆಲವೇ ವಾರಗಳಲ್ಲಿ ಅಭ್ಯಾಸಕ್ಕೆ ಇಳಿದು, "ನೀರು ಗಟ್ಟಿಯಾಗಿದೆ, ಆಟ ಕೂಡುತ್ತಿಲ್ಲ" ಎಂದನಂತೆ. ನೀರು ಗಟ್ಟಿಯಾಗುವುದೆಂದರೇನು, ಮಗನಿಗೆ ಅಪಾಯವುಂಟೆ ಎಂಬುದು ಆ ತಾಯಿಯ ಪ್ರಶ್ನೆ. ನಾವು ಈ ಆಟವನ್ನು ಆಡಿದವರಲ್ಲ. ಆದರೂ ಪ್ರಶ್ನೆ ವಿಚಾರಯೋಗ್ಯವಾಗಿದೆ.

ಈ ಆಟ ಹುಟ್ಟಿದ್ದೇ ಆ ರಾಜ್ಯದಲ್ಲಿ. 1922ರಲ್ಲಿ ರಾಲ್ಫ್ ಸ್ಯಾಮ್ಯುಯೆಲ್ಸನ್ ಎಂಬ ತರುಣನು 8 ಅಡಿ ಉದ್ದದ ಎರಡು ಹಲಗೆಗಳ ತುದಿಯನ್ನು ತಾಯಿಯ ತಾಮ್ರದ ಹಂಡೆಯಲ್ಲಿ ಬೇಯಿಸಿ ಬಾಗಿಸಿ, ಪೆಪಿನ್ ಸರೋವರದ ಮೇಲೆ ನಿಂತನು. ಹಂಡೆಯ ವಿಷಯದಲ್ಲಿ ಆ ತಾಯಿ ಏನೆಂದರೋ! ಅವನು ನಿಂತದ್ದು ಜುಲೈ 2ರಂದು, ನಡುಬೇಸಿಗೆಯಲ್ಲಿ ಎಂಬುದನ್ನು ಗಮನಿಸಬೇಕು.

ಸ್ಲಾಲಮ್ ಎಂಬ ಪ್ರಕಾರದಲ್ಲಿ ಹಲಗೆ ಒಂದೇ. ದೋಣಿ ನೇರವಾಗಿ ಸಾಗುವುದು. ಆಟಗಾರನು ಎಡಬಲಕ್ಕೆ ತೂಗಿ ಆರು ತೇಲುಗುಂಡುಗಳನ್ನು ಸುತ್ತಬೇಕು. ಗುಂಡುಗಳು ನಡುಗೆರೆಯಿಂದ 11.5 ಮೀಟರ್ ದೂರವಿರುವುವು. ಪುರುಷರ ಸ್ಪರ್ಧೆಯಲ್ಲಿ ದೋಣಿಯ ಗರಿಷ್ಠ ವೇಗ ಗಂಟೆಗೆ 58 ಕಿಲೋಮೀಟರ್. 259 ಮೀಟರ್ ಹಾದಿ ಹದಿನಾರು ಸೆಕೆಂಡುಗಳಲ್ಲಿ ಮುಗಿಯುವುದು. ಆ ವೇಗದಲ್ಲಿ ಗೆದ್ದವನಿಗೆ ಹಗ್ಗವನ್ನು ಕಡಿಮೆ ಮಾಡುತ್ತ ಹೋಗುವರು. ಅದು 10.25 ಮೀಟರಿಗೆ ಇಳಿದಾಗ ಹಗ್ಗವೇ ಗುಂಡನ್ನು ಮುಟ್ಟಲಾರದು. ಉಳಿದುದನ್ನು ಚಾಚಿದ ಮೈ, ಚಾಚಿದ ತೋಳು ತುಂಬಿಕೊಡಬೇಕು. ಇಷ್ಟು ಸೂಕ್ಷ್ಮವಾದ ಆಟದಲ್ಲಿ ಅಲ್ಪ ವ್ಯತ್ಯಾಸವೂ ದೊಡ್ಡದೇ.

ಈಗ ನೀರಿನ ಮಾತು. 25 ಡಿಗ್ರಿ ಸೆಲ್ಸಿಯಸ್ಸಿನ ನೀರು 10 ಡಿಗ್ರಿಗೆ ತಣಿದರೆ ಅದರ ಸಾಂದ್ರತೆ ಸಾವಿರಕ್ಕೆ ಮೂರು ಪಾಲಿನಷ್ಟೂ ಏರದು. ಏರುವುದು ಸ್ನಿಗ್ಧತೆ, ಸುಮಾರು ಒಂದೂವರೆ ಪಟ್ಟು. ಚಳಿಗಾಲದ ಬೆಳಗಿನಲ್ಲಿ ಹರಳೆಣ್ಣೆ ಸೀಸೆಯಿಂದ ಇಳಿಯಲು ತಡಮಾಡುವುದನ್ನು ನಮ್ಮ ತಾಯಂದಿರು ಬಲ್ಲರು. ನೀರಿನಲ್ಲಿಯೂ ಅದೇ ಗುಣ ಕಿಂಚಿತ್ತಾಗಿ ಇರುವುದು. ಆದರೆ ಇಂಥ ವೇಗದಲ್ಲಿ ಆ ಒಂದೂವರೆ ಪಟ್ಟು ಹಾಗೆಯೇ ಘರ್ಷಣೆಯಾಗಿ ಪರಿಣಮಿಸದು. ಹಲಗೆಯ ಮೈಯುಜ್ಜುವ ಘರ್ಷಣೆ ಹತ್ತರಲ್ಲಿ ಒಂದು ಪಾಲಿಗಿಂತ ಕಡಿಮೆ ಹೆಚ್ಚಬಹುದು, ಅಷ್ಟೆ. ನುರಿತವರಿಗೆ ಅದೂ ಪಾದಕ್ಕೆ ತಿಳಿಯುವುದು; ಹಲಗೆಯಡಿಯ ಲೋಹದ ಪುಟ್ಟ ರೆಕ್ಕೆಯನ್ನು ಕೂದಲೆಳೆಯಷ್ಟು ಸರಿಸಿ ಹೊಂದಿಸಿಕೊಳ್ಳುವರು.

ಹಾಗಾದರೆ ಗಟ್ಟಿಯಾದದ್ದು ಯಾವುದು? ನಮ್ಮ ಅಭಿಪ್ರಾಯದಲ್ಲಿ ಬಹುಪಾಲು ಆಟಗಾರನ ಮೈಯೇ. ಗಾಳಿಗಿಂತ ನೀರು ಇಪ್ಪತ್ತಕ್ಕೂ ಹೆಚ್ಚು ಪಟ್ಟು ಚೆನ್ನಾಗಿ ಶಾಖವನ್ನು ಒಯ್ಯುವುದು. ಮೇಲೆದ್ದರೆ ಒದ್ದೆ ಮೈಗೆ ರಭಸದ ಗಾಳಿ. ಸ್ನಾಯು ಒಂದು ಡಿಗ್ರಿ ತಣಿದರೆ ಅದರ ಕ್ಷಿಪ್ರಶಕ್ತಿ ನೂರಕ್ಕೆ ಸುಮಾರು 3ರಿಂದ 5ರಷ್ಟು ಕುಗ್ಗುವುದು. ನರಗಳ ಸಂದೇಶವೂ ನಿಧಾನವಾಗುವುದು. ಮೊದಲು ಸೋಲುವುವು ಬೆರಳುಗಳು, ಮುಂಗೈ. ಹಗ್ಗದ ಹಿಡಿಯೇ ಆಧಾರವಾದ ಆಟದಲ್ಲಿ ಬೆರಳು ಸೋತರೆ ಉಳಿದ ವಿದ್ಯೆಯೆಲ್ಲ ನಿಷ್ಪ್ರಯೋಜಕ. ದಪ್ಪ ಕೈಚೀಲ ತೊಟ್ಟರೆ ಬೆಚ್ಚಗಾದೀತು, ಹಿಡಿತ ತಪ್ಪೀತು!

ಆದರೆ ಆ ತಾಯಿ ಅಂಜಬೇಕಾದದ್ದು ಆಟದ ಸೋಲಿಗಲ್ಲ. ತಣ್ಣೀರಿಗೆ ಹಠಾತ್ತನೆ ಬಿದ್ದವನು ತನ್ನ ಇಚ್ಛೆಯಿಲ್ಲದೆಯೇ ಏದುಸಿರಿನಿಂದ ಗಾಳಿಯನ್ನು ಸೆಳೆಯುವನು. ಆ ಕ್ಷಣ ಮುಖ ನೀರಿನೊಳಗಿದ್ದರೆ ನೀರು ಶ್ವಾಸಕೋಶಕ್ಕೆ ಹೋಗುವುದು. ಈಜು ಬಲ್ಲವರೂ ದಡದ ಸಮೀಪದಲ್ಲಿಯೇ ಮುಳುಗಿದ್ದು ಇದರಿಂದ. ಮೊದಲ ಒಂದೆರಡು ನಿಮಿಷ ತೇಲಿಕೊಂಡಿದ್ದರೆ ಉಸಿರು ಹತೋಟಿಗೆ ಬರುವುದು; ಆದುದರಿಂದ ಜೀವರಕ್ಷಕ ಕವಚವನ್ನು ತೊಡದೆ ಇಳಿಯಲಾಗದು.

ಮಗನಿಗೆ ಹೀಗೆ ಬರೆಯಿರೆಂದು ಆ ತಾಯಿಗೆ ತಿಳಿಸಿದ್ದೇವೆ: ಮೇ ತಿಂಗಳಿನಲ್ಲಿ ನೀರು ಒಳಸೇರದ ಉಡುಪನ್ನು ತೊಡು, ದಡದಲ್ಲಿಯೇ ಮೈ ಬೆಚ್ಚಗೆ ಮಾಡಿಕೊ, ಹಗ್ಗವನ್ನು ಉದ್ದವಾಗಿಯೇ ಇರಿಸಿ ಎರಡು ಮೂರು ಸುತ್ತಿಗೆ ನಿಲ್ಲಿಸು, ದೋಣಿಯಲ್ಲಿ ಚಾಲಕನಲ್ಲದೆ ನಿನ್ನನ್ನೇ ನೋಡುತ್ತಿರುವ ಮತ್ತೊಬ್ಬನಿರಲಿ. ಬೆರಳು ಮರಗಟ್ಟಿ ಅಂಗಿಯ ಗುಂಡಿ ಹಾಕಲು ಬಾರದಾದರೆ, ಅಂದಿನ ಆಟ ಅಲ್ಲಿಗೆ ಮುಗಿಯಿತೆಂದು ತಿಳಿ.